ಚರಗಿ ಬಿದ್ದ ದಿನ

ಚರಗಿಯನ್ನು ಎಲ್ಲಿಡಬೇಕು ಎಂಬಲ್ಲಿಂದಲೇ ಎಲ್ಲ ಶುರುವಾಯಿತು.

ಉಮರಗಾದ ಧಾನ್ಯ ವ್ಯಾಪಾರಿಗಳ ಸಂಘದ ಕಚೇರಿಯಲ್ಲಿ ಒಂದು ಹಿತ್ತಾಳೆಯ ಚರಗಿ ಇತ್ತು. ಅದರಲ್ಲಿ ಯಾರೂ ನೀರು ಕುಡಿದವರಲ್ಲ. ಕಪಾಟಿನ ತಲೆಯ ಮೇಲೆ ಒಂದು ಲೋಟ ಬೋರಲು, ಲೋಟದ ಮೇಲೆ ಈ ಚರಗಿ ಬೋರಲು. ನೆಲ ಅಲುಗಿದರೆ ಮೊದಲು ಚರಗಿ ಬೀಳಬೇಕು, ಸದ್ದಾಗಬೇಕು, ಜನ ಹೊರಗೆ ಓಡಬೇಕು. ಹಿಂದೊಮ್ಮೆ ಊರೂರನ್ನೇ ನೆಲಸಮ ಮಾಡಿದ ಭೂಕಂಪದ ನಂತರ ಆ ಸೀಮೆಯ ಎಷ್ಟೋ ಮನೆಗಳಲ್ಲಿ ಹೀಗೆ ಪಾತ್ರೆಗಳು ಕಾವಲು ಕೂತಿದ್ದವು. ವರ್ಷಗಳು ಸರಿದಂತೆ ಉಳಿದವರೆಲ್ಲ ಇಳಿಸಿ ತೊಳೆದು ಬಳಸಿಕೊಂಡರು. ಸಂಘದ ಹಿರಿಯ ಗುಮಾಸ್ತ ಗುರಣ್ಣ ಮಾತ್ರ ಇಳಿಸಲಿಲ್ಲ.

ಆ ಚರಗಿ ಬೆಕ್ಕು ಹಾರಿ ಬಿದ್ದದ್ದುಂಟು, ಬಾಗಿಲು ಜೋರಾಗಿ ಬಡಿದು ಬಿದ್ದದ್ದುಂಟು, ಒಮ್ಮೆ ಕಾರ್ಯದರ್ಶಿ ಜಗದೇವಪ್ಪನವರ ಸೀನಿಗೇ ಬಿದ್ದದ್ದುಂಟು. ಪ್ರತಿ ಸಲವೂ ಕಚೇರಿಯೆಲ್ಲ ಬೀದಿಗೆ ಓಡುತ್ತಿತ್ತು. ತಿರುಗಿ ಒಳಗೆ ಬರುವಾಗ ಯಾರೂ ನಗುತ್ತಿರಲಿಲ್ಲ. ಪ್ರತಿಯೊಬ್ಬರ ಮನೆಯ ಗೋಡೆಯ ಮೇಲೂ ಹೂವಿನ ಹಾರ ಹಾಕಿದ ಒಂದಾದರೂ ಫೋಟೋ ಇತ್ತು.

ಆ ಕಪಾಟಿನ ತಲೆಯ ಮೇಲೆಯೇ ರವಿಕಾಂತನಿಗೆ ಜಾಗ ಬೇಕಾಗಿತ್ತು.

ರವಿಕಾಂತ ಸಂಘದ ಕಂಪ್ಯೂಟರ್ ನೋಡಿಕೊಳ್ಳುವವನು. ಉಮರಗಾ, ನಿಲಂಗಾ, ಉದಗೀರ, ಈ ಮೂರೂ ಊರಿನ ಮಾರುಕಟ್ಟೆಗೆ ಬರುವ ತೊಗರಿ, ಸೋಯಾ, ಕಡಲೆಯ ಒಂದೊಂದು ರಾಶಿಗೂ ಒಂದು ನಂಬರು. ಯಾವ ರಾಶಿ ಯಾವ ಸಾಹುಕಾರರ ಪಾಲಾಯಿತು ಎಂಬುದೆಲ್ಲ ಉಮರಗಾದ ಒಂದೇ ಯಂತ್ರದಲ್ಲಿ. ಆ ಯಂತ್ರ ಒಮ್ಮೆ ಉಸಿರು ಹಿಡಿದರೆ ಮೂರೂ ಊರಿನ ತಕ್ಕಡಿ ನಿಲ್ಲುತ್ತಿದ್ದವು. ಅದನ್ನು ಎಬ್ಬಿಸಲು ಬರುತ್ತಿದ್ದದ್ದು ರವಿಕಾಂತನೊಬ್ಬನಿಗೆ. ಹಾಗಾಗಿ ಅವನಿಗೆ ರಜೆ ಎಂಬುದಿರಲಿಲ್ಲ. ಜಾತ್ರೆಯಿಲ್ಲ, ಲಗ್ನವಿಲ್ಲ, ಸ್ವಂತ ಜ್ವರ ಬಂದಾಗಲೂ ಯಂತ್ರದ ಕೋಣೆಯಲ್ಲೇ ಚಾದರ ಹೊದ್ದು ಮಲಗಿದ್ದ.

ಈಗ ಅವನಿಗೆ ಒಂದು ದಿನದ ರಜೆ ಬೇಕಾಗಿತ್ತು. ಕನ್ಯೆ ನೋಡುವುದಕ್ಕೆ.

ಕನ್ಯೆಯೂ ಅಂತಿಂಥವಳಲ್ಲ. ಉದಗೀರದ ಮಾರುಕಟ್ಟೆಯಲ್ಲಿ ಸಂಘದ ಕಿಟಕಿಯ ಹಿಂದೆ ಕೂತು ರಾಶಿಗಳ ನಂಬರು ಹಾಕುವ ಪ್ರಾಜಕ್ತಾ. ರವಿಕಾಂತ ಅವಳನ್ನು ಕಂಡಿರಲಿಲ್ಲ, ಕೇಳಿದ್ದ. ದಿನಾ ಬೆಳಗ್ಗೆ ಫೋನು ಬರುತ್ತಿತ್ತು. “ಉಮರಗಾ ಏನ್ರಿ? ಶುರು ಮಾಡ್ಲೇನ್ರಿ?” ಇವನು “ಮಾಡ್ರಿ” ಎನ್ನುತ್ತಿದ್ದ. ಆಮೇಲೆ ಅವಳು ಕೂಡಲೇ ಫೋನು ಇಡುತ್ತಿರಲಿಲ್ಲ. ಒಂದು ಗಳಿಗೆ ಸುಮ್ಮನಿದ್ದು, ಸರಿ ಎನ್ನುವುದಕ್ಕೆ “ಬರೋಬ್ಬರಿ” ಎಂದು ಇಡುತ್ತಿದ್ದಳು. ಆ ಒಂದು ಗಳಿಗೆಯ ಮೌನದಲ್ಲಿ ಏನಿರುತ್ತದೆ ಎಂದು ರವಿಕಾಂತ ಇಡೀ ದಿನ ಯೋಚಿಸುತ್ತಿದ್ದ. ಅವಳ ಹೆಸರು ಇವನಿಗೆ ಗೊತ್ತಿತ್ತು. ಇವನು ಅವಳಿಗೆ ಬರೀ ‘ಉಮರಗಾ’. ಹೆಸರು ಹೇಳುವ ಧೈರ್ಯ ಒಮ್ಮೆಯೂ ಆಗಿರಲಿಲ್ಲ. ಕೊನೆಗೆ ಮನೆಯವರ ಮುಂದೆ ಬಾಯಿಬಿಟ್ಟ. ಹಿರಿಯರು ಹಿರಿಯರಿಗೆ ಹೇಳಿ ಕಳಿಸಿದರು, ಹುಡುಗ ಸಂಘದವನು ಎಂದಷ್ಟೇ; ಫೋನಿನ ದನಿ ಅವನದೇ ಎಂಬ ಮಾತು ಯಾರೂ ಎತ್ತಲಿಲ್ಲ. ದಿನ ಗೊತ್ತಾಯಿತು.

“ರಜಾ?” ಎಂದಿದ್ದರು ಜಗದೇವಪ್ಪ, ಯಾರೋ ಮೂತ್ರಪಿಂಡ ಕೇಳಿದ ಹಾಗೆ. “ನೀ ಹೋದ್ರ ಮಷೀನ್ ಯಾರ್ ನೋಡ್ಬೇಕೋ?”

“ಇನ್ನೊಂದು ಮಷೀನ್ ನೋಡ್ತದ್ರಿ ಸಾಹೇಬ್ರ.”

ಹೀಗೆ ಎರಡನೆಯ ಯಂತ್ರ ಬಂತು. ಕಪಾಟಿನ ಮೇಲಲ್ಲದೆ ಬೇರೆ ಜಾಗವಿರಲಿಲ್ಲ. ಗುರಣ್ಣ ಕಪಾಟಿಗೆ ಬೆನ್ನು ಹಚ್ಚಿ ಅಡ್ಡ ನಿಂತ.

“ಚರಗಿ ಅಲ್ಲೇ ಇರಬೇಕು. ಅದರ ಜಾಗಾ ಅದು.”

“ಕಾಕಾ, ಆ ಕಡಿ ಕಿಡಕಿ ಮ್ಯಾಲ ಇಟ್ರ ಆಗಂಗಿಲ್ಲೇನ್ರಿ?”

“ಕಿಡಕಿ ಗಾಳಿಗೂ ಅಲಗತದ. ಗಾಳಿಗೂ ಭೂಮಿಗೂ ಫರಕು ಬ್ಯಾಡೇನು?”

ರವಿಕಾಂತನಿಗೆ ವಾದ ಬೆಳೆಸುವುದು ಬೇಕಿರಲಿಲ್ಲ. ಕಪಾಟಿನ ಮೇಲೆ ಯಂತ್ರ ಇಟ್ಟು, ಯಂತ್ರದ ಮೇಲೆ ಲೋಟ ಇಟ್ಟು, ಲೋಟದ ಮೇಲೆ ತನ್ನ ಕೈಯಾರೆ ಚರಗಿ ಇಟ್ಟ. “ಆತೇನ್ರಿ?” ಎಂದ. ಗುರಣ್ಣ ಕತ್ತೆತ್ತಿ ನೋಡಿ, “ಇನ್ನೂ ಎತ್ತರ ಆತು. ಛಲೋ ಸಪ್ಪಳ ಬರ್ತದ” ಎಂದು ಸಮಾಧಾನಪಟ್ಟ.

ಹೊರಡುವ ಹಿಂದಿನ ಸಂಜೆ ರೊಟ್ಟಿ ತಿನ್ನುತ್ತ ರವಿಕಾಂತ ತಂದೆತಾಯಿಗೆ ತನ್ನ ಏರ್ಪಾಟು ವಿವರಿಸಿದ. ಅವನು ಮಾತಾಡುವುದೇ ಕಡಿಮೆ. ಆವತ್ತು ಮಾತ್ರ ಉಕ್ಕಿ ಬಂದಿತ್ತು.

“ನಿಲಂಗಾ, ಉದಗೀರದವರಿಗೆ ಮಷೀನ್ ಗೊತ್ತಿಲ್ಲಪ್ಪ. ಅವರಿಗೆ ಗೊತ್ತಿರೋದು ಒಂದ ಪತ್ತಾ, ಅಡ್ರೆಸ್. ಆ ಪತ್ತಾ ಹಳೇ ಮಷೀನ್ ಹಂತ್ಯಾಕ ಅದ. ಎರಡರ ನಡುವ ಒಂದ ಹಳದಿ ವಾಯರ್ ಹಾಕೀನಿ. ಆ ವಾಯರದಾಗ ಹೊಸಾದು ಕೇಳ್ಕೋತ ಇರ್ತದ, ‘ಇದ್ದೀ ಏನು? ಇದ್ದೀ ಏನು?’ ಹಳೇದು ‘ಇದ್ದೀನಿ, ಇದ್ದೀನಿ’ ಅಂತದ. ಒಮ್ಮಿ ಜವಾಬ ಬರಲಿಲ್ಲ ಅಂದ್ರ, ಹೊಸಾದು ಪತ್ತಾ ತಾ ತಗೊಂಡು ಎದ್ದು ನಿಂದರತದ. ಹೊರಗಿನವರಿಗೆ ಸುಳಿವೇ ಹತ್ತಂಗಿಲ್ಲ.”

ತಂದೆ ಬಸವಣ್ಣೆಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಅವರ ಊರು ಮಾಕಣಿಯ ಕಡೆಗೆ. ಭೂಕಂಪದಲ್ಲಿ ಇಡೀ ಊರೇ ಕಲ್ಲಿನ ಗುಪ್ಪೆಯಾಗಿತ್ತು. ಸರಕಾರ ಆಚೆ ಬಯಲಿನಲ್ಲಿ ಹೊಸ ಮನೆ ಕಟ್ಟಿಕೊಟ್ಟಾಗ ಊರಿನ ಹೆಸರೂ ಎದ್ದು ಅಲ್ಲಿಗೆ ನಡೆಯಿತು. ಅಂಚೆಯವನು ಅದೇ ಹೆಸರು ಓದಿ ಹೊಸ ಜಾಗಕ್ಕೆ ಬಂದ. ಹಳೆಯ ಜಾಗದಲ್ಲಿ ಈಗ ಜಾಲಿ ಬೆಳೆದಿದೆ. ಅದಕ್ಕೆ ಹೆಸರೇ ಇಲ್ಲ.

“ನಮ್ಮೂರಂಗ,” ಎಂದ ಬಸವಣ್ಣೆಪ್ಪ.

“ಹಾಂ, ಬರೋಬ್ಬರಿ ನಮ್ಮೂರಂಗ.”

ತಾಯಿ ಕಾಂತಾಬಾಯಿಗೆ ಒಂದು ಸಂಶಯ. “ಹಳೇದು ರಿಪೇರಿ ಆಗಿ ಎದ್ದು ಕುಂತಮ್ಯಾಲ, ‘ನನ್ನ ಪತ್ತಾ ನನಗ ಕೊಡು’ ಅನ್ನಂಗಿಲ್ಲೇನು?”

“ಅನ್ನಂಗಿಲ್ಲವ್ವ. ಹಂಗ ಅನ್ನಬಾರದು ಅಂತ ನಾನೇ ಕಟ್ಟಪ್ಪಣೆ ಮಾಡೀನಿ. ಒಮ್ಮಿ ಹೋದದ್ದು ಹೋತು. ಮತ್ತ ಹಿಂದ ಜಗ್ಗಿದ್ರ ನಡದಿದ್ದ ಕೆಲಸ ಎರಡನೇ ಸಲ ಕಡೀತದ. ಹಳೇದು ಬಾಜೂಕ ಸುಮ್ಮ ಕೂಡಬೇಕು. ಮತ್ತ ಅದರ ಪಾಳಿ ಬಂದ್ರ ಬರ್ತದ.”

“ಪಾಪ, ಅದು,” ಎಂದಳು ಕಾಂತಾಬಾಯಿ, ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ.

*

ಬೆಳಗಿನ ಬಸ್ಸಿಗೆ ಮೂವರೂ ಹೊರಟರು. ರವಿಕಾಂತ ಹೊಸ ಬಿಳಿ ಅಂಗಿ ತೊಟ್ಟು, ಮಡಿಲಲ್ಲಿ ಪೇಢೆಯ ಡಬ್ಬಿ ಇಟ್ಟುಕೊಂಡು, ದೇವರ ಕೋಣೆಯಿಂದ ಮೊದಲ ಸಲ ಹೊರಬಂದ ಮೂರ್ತಿಯ ಹಾಗೆ ಕೂತಿದ್ದ. ಕಿಟಕಿಯಾಚೆ ಬೇಸಿಗೆಯ ಹೊಲಗಳು ಖಾಲಿ ಬಿದ್ದಿದ್ದವು. ಇವತ್ತು ಅವಳ ಮುಂದೆ ಕೂತು ಏನು ಮಾತಾಡಬೇಕು ಎಂದು ಯೋಚಿಸಿದ. “ಮಾಡ್ರಿ” ಎಂದರೆ ಸಾಕು, ಗುರುತು ಹಿಡಿಯುತ್ತಾಳೆ. ಆಮೇಲೆ ಆ ಮೌನ ಬರುತ್ತದೆ. ಈ ಸಲ ಆ ಮೌನಕ್ಕೊಂದು ಮುಖ ಇರುತ್ತದೆ.

ನಿಲಂಗಾದಲ್ಲಿ ಅವನ ಕಾಕಾನ ಮಗ ನೀಲೇಶ ಬಸ್ಸು ಹತ್ತಬೇಕಿತ್ತು. ನೀಲೇಶನೂ ಸಂಘದವನೇ, ನಿಲಂಗಾ ಶಾಖೆಯಲ್ಲಿ ಗುಮಾಸ್ತ. ರವಿಕಾಂತ ಇಡೀ ತಿಂಗಳಲ್ಲಿ ಆಡುವ ಮಾತನ್ನು ಅವನು ಒಂದು ಚಾ ಕುಡಿಯುವಷ್ಟರಲ್ಲಿ ಆಡಿ ಮುಗಿಸುವವನು. ಕನ್ಯೆ ನೋಡುವಾಗ ಜತೆಗೆ ಒಬ್ಬ ಬಾಯಿದ್ದವನು ಇರಲಿ ಎಂದು ಕಾಂತಾಬಾಯಿಯೇ ಕರೆದಿದ್ದಳು.

ಬಸ್ಸು ನಿಲಂಗಾದ ನಿಲ್ದಾಣಕ್ಕೆ ತಿರುಗುವುದಕ್ಕೂ ಫೋನು ರಿಂಗಾಗುವುದಕ್ಕೂ ಸರಿಹೋಯಿತು.

“ಎಲ್ಲಿದ್ದೀಯೋ!” ಜಗದೇವಪ್ಪನವರ ದನಿ ಫೋನು ಬೇಡದಷ್ಟು ದೊಡ್ಡದಿತ್ತು. “ಇಲ್ಲಿ ಸತ್ಯಾನಾಶ ಆಗ್ಯಾದ! ಲೈಟ್ ಹೋತು, ಕೂಲರ್ ಬಂದ್ ಬಿತ್ತು, ನಿನ್ನ ಹೊಸಾ ಮಷೀನ್ ಘರ್ರ ಅಂತ ಗಿರಣಿ ಹಂಗ ತಿರಗಲಕ ಹತ್ತಿತು. ಚರಗಿ ಬಿತ್ತು. ಎಲ್ಲಾರೂ ಹೊರಗ ಓಡಿದೇವು!”

“ಭೂಕಂಪ ಆಗ್ಯಾದೇನ್ರಿ?”

“ಇಲ್ಲೋ! ಆದ್ರ ನಮ್ಮನ್ನ ನೋಡಿ ಇಡೀ ಬಜಾರ ಓಡ್ಯಾದ! ಬಟ್ಟಿ ಅಂಗಡ್ಯಾಗ ಅರ್ಧಾ ಸೀರಿ ಉಟ್ಟು ನೋಡ್ಲತಿದ್ದ ಹೆಣ್ಮಗಳೊಬ್ಬಾಕಿ ಹಂಗೇ ಓಡಿ ಮನೀ ಮುಟ್ಯಾಳ. ಅಂಗಡಿಯಂವಾ ನಮ್ಮ ಬಾಗಲಿಗೆ ಬಂದು ಕುಂತಾನ.”

“ಮಷೀನ್ ಏನಾತ್ರಿ? ಯಾವದು ಬಂದ್ ಬಿದ್ದದ?”

“ಯಾವದೂ ಬಿದ್ದಿಲ್ಲ. ಬ್ಯಾಟರಿ ಮ್ಯಾಲ ನಡದಾವ. ಎರಡೂ ಹಸರ ದೀಪ ಹಚ್ಕೊಂಡು ಕುಂತಾವ. ಭಾಳ ಆರಾಮ ಅವ.”

“ಎರಡೂ?”

“ಎರಡೂ!”

ಒಂದು ಸತ್ತಿದ್ದರೆ ಚಿಂತೆಯಿರಲಿಲ್ಲ. ಎರಡೂ ಬದುಕಿದ್ದು, ಎರಡೂ ‘ಆ ಪತ್ತಾ ನನ್ನದು’ ಎನ್ನುತ್ತಿದ್ದರೆ? ಕೇಳಿದವರಿಗೆ ಒಮ್ಮೆ ಇದು ಉತ್ತರ ಕೊಡುತ್ತದೆ, ಒಮ್ಮೆ ಅದು.

“ರಾಶಿ ನಂಬರು ಬರೋಬ್ಬರಿ ಬರ್ಲತ್ತಾವೇನ್ರಿ?”

“ಅದನ್ನೇ ಹೇಳ್ಲತ್ತೀನಿ! ಒಂದೇ ನಂಬರು ಎರಡೆರಡು ರಾಶಿಗಿ ಬಂದದ. ಒಂದೇ ರಾಶಿ ಇಬ್ಬಿಬ್ಬರಿಗಿ ಹೋಗ್ಯಾದ. ಇಲ್ಲಿ ಒಂದ ತೊಗರಿ ರಾಶಿ ಮ್ಯಾಲ ಇಬ್ಬರು ಸಾಹುಕಾರ್ರು ಏರಿ ಕುಂತಾರ. ಇಳೀಲಿಕ್ಕಿ ತಯಾರಿಲ್ಲ!”

“ಸಾಹೇಬ್ರ, ಶಾಂತ ಆಗ್ರಿ. ಹಳೇ ಮಷೀನ್ ಬಂದ್ ಮಾಡ್ರಿ. ಬಟನ್ ಒತ್ತಿ ಹಿಡೀರಿ.”

ಒತ್ತಿದ ಸದ್ದು. ಸ್ವಲ್ಪ ಹೊತ್ತು. “ಆತು. ದೀಪ ಆರಿತು.” ರವಿಕಾಂತ ಉಸಿರು ಬಿಟ್ಟ. ಅಷ್ಟರಲ್ಲಿ ಫೋನಿನೊಳಗೆ ದೂರದಿಂದ ಗುರಣ್ಣನ ದನಿ ಕೇಳಿಸಿತು: “ಸಾಹೇಬ್ರ, ಹಳೇದರ ದೀಪ ಆರಿತ್ತು, ಹೌಹಾರಿದೆ ನೋಡ್ರಿ. ಲಗೂನ ನಾನೇ ಹಚ್ಚೀನಿ!”

ಜಗದೇವಪ್ಪ ಏನೋ ಕೂಗಿದರು. ಗುರಣ್ಣ ಏನೋ ಕೂಗಿದ. ಸೀರೆ ಅಂಗಡಿಯವನೂ ಸೇರಿಕೊಂಡ. ಫೋನು ಕಡಿಯಿತು.

ರವಿಕಾಂತ ಎದ್ದು ನಿಂತ. ಅದೇ ಹೊತ್ತಿಗೆ ನೀಲೇಶ ಪೌಡರಿನ ಪರಿಮಳ ಬೀರುತ್ತ ಬಸ್ಸು ಹತ್ತಿದ. “ಏನಣ್ಣಾ, ನಿಂತೇ ಸ್ವಾಗತ ಮಾಡ್ಲತ್ತೀ?”

“ನಾ ಹಿಂದ ಹೋಗಬೇಕು.”

ಕಾಂತಾಬಾಯಿ ಅವನ ಅಂಗಿಯ ತುದಿ ಹಿಡಿದಳು. “ಹುಚ್ಚ ಹಿಡದದೇನು ನಿನಗ? ಅಲ್ಲಿ ಅವರು ಹಾದಿ ನೋಡ್ಲತ್ತಾರ. ಮಧ್ಯಾಹ್ನಕ್ಕ ಅಮಾಸಿ ಹತ್ತತದ. ಅದರ ಮೊದಲ ಹುಡಗ ಶಾಸ್ತ್ರಕ್ಕ ಮಣಿ ಮ್ಯಾಲ ಕೂಡಬೇಕು ಅಂತ ಅಯ್ಯನವರು ಹೇಳ್ಯಾರ.”

“ನೀವು ನಡೀರಿ ಅವ್ವ. ತಾಸಿನ ಕೆಲಸ. ಹಿಂದಿಂದೇ ಬರ್ತೀನಿ.” ಪೇಢೆಯ ಡಬ್ಬಿಯನ್ನು ನೀಲೇಶನ ಕೈಗಿಟ್ಟ. “ನೀಲ್ಯಾ, ನಾ ಬರೋತನಕ ನನ್ನ ಜಾಗಾ ನೀ ಸಂಭಾಳಸು. ಮಾತು ನಿಲ್ಲಗೊಡಬ್ಯಾಡ.”

“ಅದೊಂದು ನನಗ ಬಿಡು,” ಎಂದ ನೀಲೇಶ, ಖಾಲಿಯಾದ ಸೀಟಿನಲ್ಲಿ ಕೂಡುತ್ತ.

*

ಉಮರಗಾಕ್ಕೆ ಬಸ್ಸಿರಲಿಲ್ಲ. ಒಂದು ವಡಾಪ್ ಜೀಪು ಸಿಕ್ಕಿತು. ಅದು ಜನ ತುಂಬದೆ ಹೊರಡುವುದಲ್ಲ. ತುಂಬಿದ ಮೇಲೂ ಹೊರಡುವುದಲ್ಲ, ಹೊರಗೆ ನಾಲ್ಕು ಮಂದಿ ಜೋತುಬಿದ್ದ ಮೇಲೆ ಹೊರಡುವುದು. ರವಿಕಾಂತ ಒಂದು ಮೇಕೆಗೂ ಒಬ್ಬ ಪೈಲ್ವಾನನಿಗೂ ನಡುವೆ ಕೂತ. ಮೇಕೆ ಅವನ ಹೊಸ ಅಂಗಿಯ ಗುಂಡಿಯನ್ನು ಶಾಂತವಾಗಿ ತಿಂದಿತು. ಅವನು ತಡೆಯಲಿಲ್ಲ.

ಸಂಘದ ಅಂಗಳದಲ್ಲಿ ಜಗದೇವಪ್ಪ ಹೇಳಿದ್ದು ಒಂದಕ್ಷರವೂ ಸುಳ್ಳಿರಲಿಲ್ಲ. ತೊಗರಿ ರಾಶಿಯ ತುದಿಯಲ್ಲಿ ಇಬ್ಬರು ಸಾಹುಕಾರರು ಬೆನ್ನಿಗೆ ಬೆನ್ನು ಕೊಟ್ಟು, ಒಂದೇ ಸಿಂಹಾಸನ ಹಂಚಿಕೊಂಡ ರಾಜರಂತೆ ಕೂತಿದ್ದರು. ಬಿಸಿಲಿಗೆ ಒಂದೇ ಕೊಡೆ. ಅದರ ಹಿಡಿಯನ್ನು ಇಬ್ಬರೂ ಹಿಡಿದಿದ್ದರು. ತೊಗರಿ ಬೆಳೆದ ರೈತ ಗುಂಜೋಟಿಯವನು. ಕೆಳಗೆ ನಿಂತು, “ಇಬ್ಬರಾಗ ಯಾರರೆ ತಗೋರಿ, ನನ್ನ ಎತ್ತಿಗಿ ನೀರು ಕುಡಿಸೋದದ” ಎಂದು ಬೇಡಿಕೊಳ್ಳುತ್ತಿದ್ದ.

ರವಿಕಾಂತ ಯಂತ್ರದ ಕೋಣೆಗೆ ಹೋದ. ಹಳೆಯದು ಗುಂಯ್ ಎನ್ನುತ್ತಿತ್ತು. ಹೊಸದು ಗುಂಯ್ ಎನ್ನುತ್ತಿತ್ತು. ನಡುವೆ ಇರಬೇಕಾದ ಹಳದಿ ವಾಯರು ಇರಲಿಲ್ಲ.

“ಕಾಕಾ, ಇಲ್ಲೊಂದು ಹಳದಿ ವಾಯರ್ ಇತ್ತಲ್ರಿ?”

ಗುರಣ್ಣ ಗೋಡೆಯತ್ತ ಕೈ ತೋರಿಸಿದ. ಕ್ಯಾಲೆಂಡರಿನ ಮೊಳೆಗೆ, ಜೋಳದ ತೆನೆಯ ಹಾಗೆ ಅಂದವಾಗಿ ಸುತ್ತಿ ಕಟ್ಟಿದ ವಾಯರು ತೂಗುತ್ತಿತ್ತು.

“ನೆಲದ ಮ್ಯಾಲ ಬಿದ್ದಿತ್ತಪ್ಪ. ಯಾರರೆ ತೊಡರಿ ಬಿದ್ದಾರು ಅಂತ ಸುತ್ತಿ ಇಟ್ಟೀನಿ.”

“ತಾನಾಗೇ ಬಿದ್ದಿತ್ತೇನ್ರಿ?”

“ಇಲ್ಲ. ಓಡುವಾಗ ಕಾಲಾಗ ತೊಡರಿತ್ತು.”

“ಯಾರ ಕಾಲಾಗ?”

ಗುರಣ್ಣ ತನ್ನ ಕಾಲು ನೋಡಿಕೊಂಡ. “ನನ್ನ ಕಾಲಾಗೇ.”

‘ಇದ್ದೀ ಏನು?’ ಎಂದು ಹೊಸದು ಕೇಳಿದೆ. ‘ಇದ್ದೀನಿ’ ಎಂದು ಹಳೆಯದು ಹೇಳಿದೆ. ಆ ಮಾತು ಗುರಣ್ಣನ ಕಾಲಿಗೆ ಸುತ್ತಿಕೊಂಡು ಬೀದಿಗೆ ಹೋಗಿದೆ. ರವಿಕಾಂತನಿಗೆ ಹುಟ್ಟಿದಾಗಿನಿಂದ ಬಂದಿರದ ಸಿಟ್ಟು ಬಂತು. ಬಾಯಿ ತೆರೆದ. ಆಗ ಗುರಣ್ಣನ ಕೈ ಕಂಡಿತು. ಮುದುಕ ಚರಗಿಯನ್ನು ಎದೆಗವಚಿಕೊಂಡು ನಿಂತಿದ್ದ. ಬಿದ್ದ ಪೆಟ್ಟಿಗೆ ಅದರ ಬಾಯಿ ನೆಗ್ಗಿತ್ತು. ನೆಗ್ಗಿದ ಜಾಗವನ್ನು ಹೆಬ್ಬೆರಳಿನಿಂದ ತೀಡಿ ಸರಿಮಾಡಲು ನೋಡುತ್ತಿದ್ದ.

ಗುರಣ್ಣನ ಮನೆಯ ಗೋಡೆಯ ಮೇಲೆ ಎಷ್ಟು ಫೋಟೋಗಳಿವೆ ಎಂಬುದು ಸಂಘದಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಅದರ ಮಾತೆತ್ತುತ್ತಿರಲಿಲ್ಲ. ರವಿಕಾಂತ ತೆರೆದ ಬಾಯಿ ಮುಚ್ಚಿದ. ಹೊಸ ಯಂತ್ರದ ಮೇಲೆ ಚರಗಿ ಇಟ್ಟ ಕೈ ತನ್ನದೇ ಎಂಬುದೂ ನೆನಪಾಯಿತು.

“ಕುಂಡ್ರಿ ಕಾಕಾ,” ಎಂದ. “ನೀರು ಕುಡೀರಿ.”

ಕೆಲಸ ತಾಸಿನದಾಗಿರಲಿಲ್ಲ. ಉದಗೀರ, ನಿಲಂಗಾಗಳ ಮಾತೆಲ್ಲ ಹೆಚ್ಚಾಗಿ ಹೊಸ ಯಂತ್ರದ ಕಿವಿಗೆ ಬಿದ್ದಿತ್ತು. ಹಾಗಾಗಿ ಹೊಸದನ್ನೇ ಉಳಿಸಿ ಹಳೆಯದರ ಬಾಯಿ ಮುಚ್ಚಿಸಬೇಕು. ಹಳೆಯದು ಒಬ್ಬಂಟಿಯಾಗಿ ಕೇಳಿಸಿಕೊಂಡದ್ದನ್ನು ಒಂದೊಂದಾಗಿ ಇದಕ್ಕೆ ಹೇಳಬೇಕು. ಯಾವ ರಾಶಿ ಮೊದಲು ಯಾರದಾಯಿತು ಎಂದು ತೀರ್ಮಾನಿಸಬೇಕು. ಗುಂಡಿ ಒತ್ತಿ ಹಳೆಯದನ್ನು ನಿಲ್ಲಿಸುವಾಗ ರವಿಕಾಂತನ ಬೆರಳು ಒಂದು ಗಳಿಗೆ ತಡೆಯಿತು. ಅದರ ತಪ್ಪೇನೂ ಇರಲಿಲ್ಲ. ಅದು ಎಲ್ಲಿಯೂ ಹೋಗಿರಲಿಲ್ಲ, ಇದ್ದ ಜಾಗದಲ್ಲೇ ಇತ್ತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿತ್ತು. ಆದರೆ ಇಬ್ಬರೂ ನಾನೇ ಎಂದರೆ ನಡೆಯುವುದಿಲ್ಲ, ಒಬ್ಬರು ಸುಮ್ಮನಾಗಲೇಬೇಕು. ಗುಂಡಿ ಒತ್ತಿದ.

ನಡುವೆ ಒಮ್ಮೆ ತಾಯಿಗೆ ಫೋನು ಮಾಡಿದ. ಹಿಂದೆ ಬಹಳ ಗದ್ದಲ, ನಗೆ, ಬಟ್ಟಲುಗಳ ಸದ್ದು.

“ಅವ್ವ, ಇನ್ನೂ ಸ್ವಲ್ಪ ತಡಾ ಆಗ್ತದ. ಅವರು ಬ್ಯಾಸರ ಮಾಡ್ಕೊಂಡಾರೇನು?”

“ಇಲ್ಲಪ್ಪ. ಎಲ್ಲಾ ನಡದದ. ಏನೂ ನಿಂತಿಲ್ಲ. ನೀ ನಿನ್ನ ಕೆಲಸ ಮುಗಸು.” ತಾಯಿಯ ದನಿ ಯಾಕೋ ಬಿಗಿಯಾಗಿತ್ತು. ಆದರೆ ‘ಏನೂ ನಿಂತಿಲ್ಲ’ ಎಂಬ ಮಾತಿಗೆ ರವಿಕಾಂತನಿಗೆ ಹಾಯೆನಿಸಿತು. ಅವನ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಹೊತ್ತು ಇಳಿಯುವಾಗ ಇಬ್ಬರು ಸಾಹುಕಾರರಲ್ಲಿ ಒಬ್ಬರು ರಾಶಿಯಿಂದ ಇಳಿದರು. ಹಳದಿ ವಾಯರು ತನ್ನ ಜಾಗಕ್ಕೆ ಬಂತು. ಹಳೆಯ ಯಂತ್ರ ಎದ್ದು, ಬಾಜೂಕ ಸುಮ್ಮನೆ ಕೂತಿತು. ರವಿಕಾಂತ ಉದಗೀರಕ್ಕೆ ತೊಗರಿ ಒಯ್ಯುತ್ತಿದ್ದ ಲಾರಿಯಲ್ಲಿ, ಚೀಲಗಳ ಮೇಲೆ ಹತ್ತಿದ.

*

ದೀಪ ಹಚ್ಚುವ ಹೊತ್ತಿಗೆ ಪ್ರಾಜಕ್ತಾಳ ತಂದೆ ರೇವಣಪ್ಪನವರ ಮನೆ ಸಿಕ್ಕಿತು. ಬಾಗಿಲ ಮುಂದೆ ಎಷ್ಟೊಂದು ಚಪ್ಪಲಿಗಳು. ತನ್ನದನ್ನು ಬಿಡಲು ಜಾಗ ಹುಡುಕುತ್ತಿರುವಾಗ ತಂದೆ ಹೊರಗೆ ಬಂದ. ಮಗನ ಮೈಮೇಲಿನ ತೊಗರಿಯ ಧೂಳು ನೋಡಿದ, ಗುಂಡಿಯಿಲ್ಲದ ಅಂಗಿ ನೋಡಿದ. ಕಟ್ಟೆಯ ಮೇಲೆ ಕೂತ.

“ತಡಾ ಆತಪ್ಪಾ. ಒಳಗ ಹೋಗಲೇನು?”

“ಕುಂಡ್ರು.”

ರವಿಕಾಂತ ಕೂತ.

“ಅಮಾಸಿ ಹತ್ತಲಿಕ್ಕಿ ಬಂದಿತ್ತು,” ಎಂದ ಬಸವಣ್ಣೆಪ್ಪ, ಬೀದಿಯ ಕಡೆ ನೋಡುತ್ತ. “ಅಯ್ಯನವರು, ‘ಮಣಿ ಖಾಲಿ ಬಿಡಬಾರದು, ಮನೀ ಹುಡಗ ಯಾರರೆ ಕುಂಡ್ರಿ, ಅಂವಾ ಬಂದಮ್ಯಾಲ ಏಳಬಹುದು’ ಅಂದರು. ನೀಲೇಶ ಕುಂತ. ನೀನೂ ಅವನಿಗಿ ಜಾಗಾ ಸಂಭಾಳಸು ಅಂದಿದ್ದಿ.”

“ಅಂದಿದ್ದೆ.”

“ಹುಡಗೀ ಅಜ್ಜಿ ಚಂಪಾಬಾಯಿ, ವಯಸ್ಸಾದಾಕಿ. ಕಣ್ಣು ಮಂಜ. ಒಳಗಿಂದ ಸಕ್ಕರಿ ಬಟ್ಲಾ ಹಿಡಕೊಂಡು ಬಂದಳು. ಮಣಿ ಮ್ಯಾಲ ಕುಂತಂವಾ ಹುಡಗ ಅಂತ ತಿಳದು, ಯಾರೂ ತಡಿಯೋದರಾಗ ನೀಲೇಶನ ಬಾಯಾಗ ಸಕ್ಕರಿ ಹಾಕಿಬಿಟ್ಟಳು. ಅಯ್ಯನವರ ಎದರಿಗಿ.”

ಒಳಗಿನಿಂದ ನೀಲೇಶನ ನಗೆ ಕೇಳಿಸಿತು.

ಆ ಸೀಮೆಯಲ್ಲಿ ಬಾಯಿಗೆ ಸಕ್ಕರೆ ಬಿದ್ದರೆ ಸಂಬಂಧ ಗಟ್ಟಿಯಾದಂತೆ. ಅಯ್ಯನವರ ಮುಂದೆ ಬಿದ್ದದ್ದನ್ನು ಯಾರೂ ಉಗುಳಿಸುವುದಿಲ್ಲ.

“ಎಲ್ಲಾರೂ ಸುಮ್ಮಾದರು,” ಎಂದ ತಂದೆ. “ಬಾಯಿ ಸುಮ್ಮ ಇಡದ ನೀಲ್ಯಾನೂ ಸುಮ್ಮಾದ. ಬಾಯಾಗ ಸಕ್ಕರಿ ಇತ್ತಲ್ಲ. ರೇವಣಪ್ಪನವರು ಮಗಳನ್ನ ಕರದು ಕೇಳಿದರು. ‘ನೋಡವ್ವ, ಹಿಂಗಾಗ್ಯಾದ, ನಾವು ಹೇಳಿದ ಹುಡಗ ಬ್ಯಾರೆ, ಅಂವಾ ಇನ್ನೂ ಬಂದಿಲ್ಲ. ಇಂವಾ ಅದೇ ಮನಿಯಂವಾ, ಅದೇ ಸಂಘದಂವಾ. ನಿನ್ನ ಮನಸು ಏನು?’”

“ಏನಂದ್ಳು?”

“ಭಾಳ ಹೊತ್ತ ಸುಮ್ಮಿದ್ಲು.”

ರವಿಕಾಂತನಿಗೆ ಆ ಮೌನ ಗೊತ್ತಿತ್ತು. ಅದರ ಉದ್ದ ಗೊತ್ತಿತ್ತು, ಅದು ಮುಗಿಯುವ ಬಗೆ ಗೊತ್ತಿತ್ತು. ತಂದೆ ಹೇಳುವುದಕ್ಕೆ ಮೊದಲೇ ಅವನ ಕಿವಿಯಲ್ಲಿ ಆ ದನಿ ಕೇಳಿತು.

“‘ಬಂದವರು ಇವರಲ್ಲೇನಪ್ಪಾ’ ಅಂದ್ಳು. ‘ಬರದವರ ಮಾತು ಯಾಕ. ಬರೋಬ್ಬರಿ ಅದ.’”

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು.

“ಅಪ್ಪಾ, ನಾ ಒಳಗ ಹೋಗಿ ಹೇಳಿದ್ರ? ನಾ ಯಾರು ಅಂತ ಒಂದ ಮಾತು…”

ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಕಾಂತಾಬಾಯಿ ಹೊರಗೆ ಬಂದಳು. ಅವಳ ಕಣ್ಣು ಕೆಂಪಾಗಿದ್ದವು. ಮಗನ ತಲೆಯ ಮೇಲಿನ ತೊಗರಿ ಹೊಟ್ಟನ್ನು ಸೆರಗಿನಿಂದ ಒರೆಸಿದಳು.

“ನಿನ್ನೆ ನೀನೇ ಹೇಳಿದ್ಯಲ್ಲೋ ತಮ್ಮಾ,” ಎಂದಳು, ಮೆಲ್ಲಗೆ. “ಒಮ್ಮಿ ಹೋದದ್ದು ಹೋತು, ಮತ್ತ ಹಿಂದ ಜಗ್ಗಬಾರದು ಅಂತ.”

ರವಿಕಾಂತ ತಂದೆಯ ಮುಖ ನೋಡಿದ. ಬಸವಣ್ಣೆಪ್ಪನಿಗೆ ಆ ಮಾತು ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗುತ್ತಿತ್ತು.

ಒಳಗೆ ಹೋದ. ನೀಲೇಶ ಮಣೆಯ ಮೇಲಿಂದ ಎದ್ದು, ಹೆಗಲ ಮೇಲಿನ ಹೊಸ ಶಾಲು ಸರಿಮಾಡಿಕೊಳ್ಳುತ್ತ, ಏನು ಹೇಳಬೇಕೆಂದು ತಿಳಿಯದೆ ನಿಂತ. ಬಹುಶಃ ಜೀವನದಲ್ಲಿ ಮೊದಲ ಸಲ. ರವಿಕಾಂತ ಅವನ ಭುಜ ಒತ್ತಿ ಕೂಡಿಸಿದ. ತಾನು ಗೋಡೆಗೆ ಒರಗಿ ಬಾಜೂಕ ಕೂತ.

ಪ್ರಾಜಕ್ತಾ ಚಾ ತಂದಳು. ಅವಳ ಮುಖ ಅವನು ಅಂದುಕೊಂಡ ಹಾಗಿರಲಿಲ್ಲ. ಅದಕ್ಕಿಂತ ಸಾದಾ ಇತ್ತು, ಅದಕ್ಕಿಂತ ಚೆನ್ನಾಗಿತ್ತು.

“ಇವರು?” ಎಂದು ಕೇಳಿದಳು.

“ನೀಲೇಶನ ಅಣ್ಣ,” ಎಂದಳು ಕಾಂತಾಬಾಯಿ.

“ಚಾ ತಗೋರಿ ಅಣ್ಣಾ.”

ಒಂದು ಮಾತು ಸಾಕಿತ್ತು. ‘ಕೊಡ್ರಿ’ ಎಂದರೂ ಅವಳು ಗುರುತು ಹಿಡಿಯುತ್ತಿದ್ದಳು. ತೊಗರಿ ರಾಶಿಯ ಮೇಲೆ ಒಂದೇ ಕೊಡೆ ಹಿಡಿದು ಕೂತ ಇಬ್ಬರು ಸಾಹುಕಾರರು ಅವನ ಕಣ್ಣ ಮುಂದೆ ಬಂದರು. ರವಿಕಾಂತ ಕತ್ತು ಬಗ್ಗಿಸಿ ಬಟ್ಟಲು ತೆಗೆದುಕೊಂಡ.

“ನಿಮ್ಮಣ್ಣ ಮಾತಾಡಂಗಿಲ್ಲೇನ್ರಿ?” ಎಂದು ಅವಳು ನೀಲೇಶನನ್ನು ಕೇಳಿದಳು.

“ಮೊದಲಿಂದೂ ಕಮ್ಮಿ,” ಎಂದ ನೀಲೇಶ.

*

ಮರುದಿನ ಬೆಳಗ್ಗೆ ಜಗದೇವಪ್ಪ ಅವನ ಬೆನ್ನು ತಟ್ಟಿದರು. “ಭಲೇ! ಈಗ ಎರಡು ಮಷೀನ್ ಅವ, ವಾಯರೂ ಮೊಳೀ ಹೊಡದು ಬಿಗದೀವಿ. ಇನ್ನ ನಿನಗ ಎಷ್ಟ ಬೇಕಾದ್ರೂ ರಜಾ ತಗೋ.” ಆಮೇಲೆ ಏನೋ ನೆನಪಾಗಿ, “ಹಾಂ, ಒಂದ ಮಾತು. ನೀಲೇಶ ಲಗ್ನಕ್ಕ ರಜಾ ಕೇಳ್ಯಾನ. ಆ ಹದಿನೈದು ದಿವಸ ನಿಲಂಗಾದಾಗ ಅವನ ಜಾಗಾದಾಗ ನೀ ಕುಂಡ್ರಬೇಕಾಗ್ತದ.”

ಗುರಣ್ಣ ನೆಗ್ಗಿದ ಚರಗಿಯನ್ನು ಕಿಟಕಿಯ ಮೇಲೆ ಇಡುತ್ತಿದ್ದ. ರವಿಕಾಂತ ಹೋಗಿ, ಅದನ್ನು ಅವನ ಕೈಯಿಂದ ತೆಗೆದುಕೊಂಡು, ಹಳೆಯ ಯಂತ್ರದ ಮೇಲೆ ಲೋಟ ಬೋರಲು ಹಾಕಿ, ಅದರ ಮೇಲೆ ಇಟ್ಟ. ಹಳೆಯದಕ್ಕೀಗ ಹೆಚ್ಚು ಕೆಲಸವಿಲ್ಲ, ಮೈ ಬಿಸಿಯಾಗುವುದಿಲ್ಲ, ಅಲುಗುವುದಿಲ್ಲ.

ಫೋನು ರಿಂಗಾಯಿತು.

“ಉಮರಗಾ ಏನ್ರಿ?”

“ಹೌದ್ರಿ.”

“ಶುರು ಮಾಡ್ಲೇನ್ರಿ?” ಎಂದವಳು ಇವತ್ತು ಇನ್ನೊಂದು ಮಾತು ಕೇಳಿದಳು. “ನಿನ್ನೆ ಏನೋ ಗಡಬಡ ಆಗಿತ್ತಂತ, ನಾ ರಜಾದಾಗ ಇದ್ದೆ. ಈಗ ಹಳೇ ಮಷೀನ್ ಮ್ಯಾಲೇ ನಡದದೇನ್ರಿ?”

“ಇಲ್ರಿ. ಅದು ಬಾಜೂಕ ಅದ. ಎರಡನೇದ್ರ ಮ್ಯಾಲ ನಡದದ.”

ಆ ಕಡೆ ಒಂದು ಗಳಿಗೆ ಮೌನ. ಎಂದಿನ ಅದೇ ಮೌನ. ರವಿಕಾಂತ ಉಸಿರು ಹಿಡಿದ.

“ಹೌದೇನ್ರಿ?” ಎಂದಳು ಪ್ರಾಜಕ್ತಾ. “ಬರೋಬ್ಬರಿ. ನಮ್ಮ ಕಡಿಗಿ ಫರಕೇ ಗೊತ್ತಾಗಲಿಲ್ಲ ನೋಡ್ರಿ.”